ಕಾಯಂ ಗಿರಾಕಿಯೋ, ಸಿಕ್ಕಿಬಿದ್ದ ಗಿರಾಕಿಯೋ?

ಕಳೆದ ಸೆಮಿಸ್ಟರ್‌ನ ಕೊನೆಯ ಇಂಟರ್ನಲ್ಸ್ ಮುಗಿದ ದಿನ ಮೊಬೈಲ್‌ಗೆ ಒಂದು ಮೆಸೇಜ್ ಬಂತು. ನನ್ನ ಖಾತೆಯಿಂದ 899 ರೂಪಾಯಿ ಕಡಿತವಾಗಿತ್ತು. ಹಾಸ್ಟೆಲ್ ಮೆಸ್ ಬಿಲ್ ಕಟ್ಟಲೆಂದು ಅವ್ವ ಹಾಕಿಸಿದ್ದ ಹಣ ಅದು. ಎಲ್ಲಿಗೆ ಹೋಯಿತು ಎಂದು ಹುಡುಕಿದಾಗ ನೆನಪಾಯಿತು. ಕ್ಯಾಂಪಸ್ ಸಂದರ್ಶನದ ಆ್ಯಪ್ಟಿಟ್ಯೂಡ್ ಪರೀಕ್ಷೆಗೆ ತಯಾರಿ ಮಾಡಿಸುವ ಒಂದು ಆ್ಯಪ್‌ನಲ್ಲಿ ‘ಏಳು ದಿನ ಉಚಿತ’ ಎಂಬ ಬಟನ್ ಒತ್ತಿದ್ದೆ. ಆ ಏಳು ದಿನಗಳಲ್ಲಿ ಅದನ್ನು ತೆರೆದದ್ದು ಎರಡೇ ಸಲ. ಹಣ ಕಡಿತವಾಗುವ ಹಿಂದಿನ ದಿನ ಎಚ್ಚರಿಕೆಯ ಸಂದೇಶವೂ ಬಂದಿತ್ತು. ಪರೀಕ್ಷೆಯ ಗಡಿಬಿಡಿಯಲ್ಲಿ ನಾನು ನೋಡಿರಲಿಲ್ಲ. ಅಷ್ಟರಮಟ್ಟಿಗೆ ತಪ್ಪು ನನ್ನದೇ.

ಇನ್ನು ಮುಂದಾದರೂ ಹಣ ಹೋಗದಿರಲಿ ಎಂದು ಚಂದಾ ರದ್ದು ಮಾಡಲು ಕೂತೆ. ಸೇರುವಾಗ ಅರ್ಧ ನಿಮಿಷವೂ ಹಿಡಿದಿರಲಿಲ್ಲ. ಹೊರಬರಲು ಒಂದಾದ ಮೇಲೊಂದು ಐದು ಪುಟ ದಾಟಬೇಕಾಯಿತು. ಒಂದು ಪುಟ ಕಾರಣ ಕೇಳಿತು, ಇನ್ನೊಂದು ರಿಯಾಯಿತಿ ಕೊಡುತ್ತೇನೆ ಎಂದಿತು. ಕೊನೆಯ ಪುಟದಲ್ಲಿ ಎರಡು ಬಟನ್. ದೊಡ್ಡದಾಗಿ ಹಸಿರು ಬಣ್ಣದಲ್ಲಿ ‘ನನ್ನ ಕನಸಿನ ಕೆಲಸ ನನಗೆ ಬೇಕು’ ಎಂದಿತ್ತು. ಅದರ ಕೆಳಗೆ ಕಣ್ಣಿಗೆ ಕಾಣದಷ್ಟು ಮಸುಕಾಗಿ ‘ಬೇಡ, ನಾನು ಪ್ರಯತ್ನ ಬಿಡುತ್ತೇನೆ’ ಎಂದಿತ್ತು. ಕೆಲಸ ಹುಡುಕುತ್ತಿರುವ ಹುಡುಗನಿಂದ ಆ ಮಾತು ಒತ್ತಿಸಿಕೊಳ್ಳುವುದು ಎಂಥ ಬುದ್ಧಿವಂತಿಕೆ!

ಹತ್ತು ದಿನ ಕಳೆದ ಮೇಲೆ ಅದೇ ಕಂಪನಿಯಿಂದ ಇಮೇಲ್ ಬಂತು: ‘ನಮ್ಮ ನಿಷ್ಠಾವಂತ ಗ್ರಾಹಕರಾಗಿದ್ದಕ್ಕೆ ಧನ್ಯವಾದಗಳು.’ ಓದಿ ನಗು ಬಂತು. ನಾನು ನಿಷ್ಠಾವಂತನಾಗಿದ್ದೆನೇ? ಬಾಗಿಲು ಸಿಗದೆ ಒಳಗೇ ಉಳಿದವನನ್ನು ಹಾಗೆ ಕರೆಯಬಹುದೇ?

ಈ ಪ್ರಶ್ನೆ ನನ್ನ 899 ರೂಪಾಯಿಗಿಂತ ದೊಡ್ಡದು ಎಂದು ನನಗೆ ಅನ್ನಿಸುತ್ತಿದೆ. ಗ್ರಾಹಕರನ್ನು ಉಳಿಸಿಕೊಳ್ಳುವುದು ಇಂದು ಪ್ರತಿಯೊಂದು ಆನ್‌ಲೈನ್ ಕಂಪನಿಯ ಮುಖ್ಯ ಲೆಕ್ಕ. ಎಷ್ಟು ಜನ ಬಿಟ್ಟುಹೋದರು, ಎಷ್ಟು ಜನ ಮರಳಿ ಬಂದರು ಎಂಬುದನ್ನು ತೋರಿಸುವ ಅಂಕಿ ಏರಿದರೆ ನಿಷ್ಠೆ ಹೆಚ್ಚಿದೆ ಎಂದು ಸಂಭ್ರಮಿಸುತ್ತಾರೆ. ಆದರೆ ಉಳಿದವರು ಪ್ರೀತಿಯಿಂದ ಉಳಿದರೋ, ರೂಢಿಯಿಂದ ಉಳಿದರೋ ಅಥವಾ ಬೋನಿನಲ್ಲಿ ಸಿಕ್ಕಿಬಿದ್ದರೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ವರ್ತನೆ ಮತ್ತು ಕೊಸರು

ನಮ್ಮ ಮಂಡ್ಯ, ಮೈಸೂರು ಕಡೆ ‘ವರ್ತನೆ’ ಎಂಬ ಪದಕ್ಕೆ ನಡತೆ ಎಂಬುದರ ಜೊತೆಗೆ ಇನ್ನೊಂದು ಅರ್ಥವಿದೆ. ದಿನವೂ ಹಾಲನ್ನೋ ಹೂವನ್ನೋ ತಂದುಹಾಕುವವರಿಗೂ ಮನೆಯವರಿಗೂ ನಡುವಿನ ಕಾಯಂ ಏರ್ಪಾಡಿಗೆ ವರ್ತನೆ ಎನ್ನುತ್ತಾರೆ. ತಿಂಗಳ ಕೊನೆಗೆ ಲೆಕ್ಕ. ಅದಕ್ಕೆ ಸಹಿಯೂ ಇಲ್ಲ, ಕರಾರೂ ಇಲ್ಲ. ಸಾಕೆನ್ನಿಸಿದರೆ ‘ನಾಳೆಯಿಂದ ಬೇಡಮ್ಮ’ ಎಂದರೆ ಮುಗಿಯಿತು. ಆದರೂ ಕೆಲವು ಮನೆಗಳಲ್ಲಿ ವರ್ತನೆ ವರ್ಷಗಟ್ಟಲೆ ನಡೆಯುತ್ತದೆ. ಹಾಲಿನವಳ ಮಗಳ ಮದುವೆಗೆ ಮನೆಯವರು ಹೋಗುತ್ತಾರೆ. ಮನೆಯಲ್ಲಿ ಹಬ್ಬವಾದರೆ ಅವಳು ಹೇಳದೆಯೇ ಅರ್ಧ ಲೀಟರ್ ಹೆಚ್ಚು ತರುತ್ತಾಳೆ.

ಇನ್ನೊಂದು ಪದ ‘ಕೊಸರು’. ಸಂತೆಯಲ್ಲಿ ತರಕಾರಿ ತೂಗಿ ಚೀಲಕ್ಕೆ ಸುರಿದ ಮೇಲೆ ನಾಲ್ಕು ಮೆಣಸಿನಕಾಯಿ, ಒಂದಿಷ್ಟು ಕೊತ್ತಂಬರಿ ಸೊಪ್ಪು ಮೇಲಿಂದ ಹಾಕುತ್ತಾರಲ್ಲ, ಅದೇ ಕೊಸರು. ಇವತ್ತಿನ ರಿವಾರ್ಡ್ ಪಾಯಿಂಟು, ಕ್ಯಾಶ್‌ಬ್ಯಾಕ್, ಕೂಪನ್ ಎಲ್ಲವೂ ಕೊಸರಿನ ಮೊಮ್ಮಕ್ಕಳೇ. ಆದರೆ ಒಂದು ವ್ಯತ್ಯಾಸವಿದೆ. ಕೊಸರು ತೂಕವಾದ ಮೇಲೆ ಬರುತ್ತಿತ್ತು. ಈಗಿನ ಕೊಸರು ತೂಕಕ್ಕೂ ಮೊದಲೇ ಬರುತ್ತದೆ, ನಮ್ಮನ್ನು ಅಂಗಡಿಯೊಳಗೆ ಎಳೆದುಕೊಳ್ಳಲು. ಜೊತೆಗೆ ಅದಕ್ಕೊಂದು ಕೊನೆಯ ದಿನಾಂಕವೂ ಇರುತ್ತದೆ.

ಕೊಸರಿನಿಂದ ಜನ ಬರುತ್ತಾರೆ ಎಂಬುದರಲ್ಲಿ ಅನುಮಾನವಿಲ್ಲ. ಬಂದವರು ಉಳಿಯುತ್ತಾರೆಯೇ ಎಂಬುದೇ ಪ್ರಶ್ನೆ. ಇದಕ್ಕೆ ನಮ್ಮ ದೇಶದಲ್ಲೇ ಕಳೆದ ಹದಿನೈದು ವರ್ಷಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆದಿದೆ. ಅದು ನಮ್ಮೆಲ್ಲರ ಜೇಬಿನಲ್ಲಿರುವ ಸಿಮ್ ಕಾರ್ಡ್.

ನಂಬರ್ ನಮ್ಮದಾದ ದಿನ

ಒಂದು ಕಾಲದಲ್ಲಿ ಮೊಬೈಲ್ ಕಂಪನಿ ಬದಲಿಸಿದರೆ ನಂಬರ್ ಕೂಡ ಬದಲಾಗುತ್ತಿತ್ತು. ಸಂಬಂಧಿಕರು, ಬ್ಯಾಂಕು, ಕಚೇರಿ ಎಲ್ಲ ಕಡೆ ಕೊಟ್ಟ ನಂಬರ್ ಬಿಡುವುದು ಸುಲಭವಲ್ಲ. ಹಾಗಾಗಿ ಸಿಗ್ನಲ್ ಸಿಗದಿದ್ದರೂ ಜನ ಬೈದುಕೊಂಡು ಅದೇ ಕಂಪನಿಯಲ್ಲಿರುತ್ತಿದ್ದರು. ಕಂಪನಿಗಳ ಲೆಕ್ಕದಲ್ಲಿ ಅವರೆಲ್ಲ ಹಳೆಯ, ನಂಬಿಕಸ್ಥ ಗ್ರಾಹಕರು.

ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ಶುರುವಾಗಿ, 2011ರ ಜನವರಿ 20ರಂದು ಇಡೀ ದೇಶಕ್ಕೆ ಬಂತು. 1900ಕ್ಕೆ ಒಂದು ಎಸ್‌ಎಂಎಸ್ ಕಳಿಸಿ, ಬಂದ ಕೋಡ್ ಹಿಡಿದು ಇನ್ನೊಂದು ಅಂಗಡಿಗೆ ಹೋದರೆ ಆಯಿತು. ಮುಚ್ಚಿದ್ದ ಬಾಗಿಲನ್ನು ಸರ್ಕಾರ ಹೊರಗಿನಿಂದ ತೆರೆಯಿತು. ನಿಷ್ಠೆಯನ್ನು ಅಳೆಯಲು ಸಾಧ್ಯವಾದದ್ದು ಅಂದಿನಿಂದ. ಅಲ್ಲಿಯವರೆಗೆ ಇದ್ದದ್ದು ನಿಷ್ಠೆಯೋ ನಿರುಪಾಯವೋ ಯಾರಿಗೂ ಗೊತ್ತಿರಲಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. ಕರೆ, ಡೇಟಾ ಎಲ್ಲವೂ ಉಚಿತ. ಮೊದಲು ವರ್ಷಾಂತ್ಯದವರೆಗೆ ಎಂದಿದ್ದದ್ದು 2017ರ ಮಾರ್ಚ್‌ವರೆಗೆ ಮುಂದುವರಿಯಿತು. ಆರು ತಿಂಗಳು ತುಂಬುವ ಮೊದಲೇ ಗ್ರಾಹಕರ ಸಂಖ್ಯೆ 10 ಕೋಟಿ ದಾಟಿತು. ಅಷ್ಟು ದೊಡ್ಡ ಕೊಸರನ್ನು ಈ ದೇಶ ಕಂಡಿರಲಿಲ್ಲ. ದರ ಶುರುವಾದ ಮೇಲೂ ಬಹಳಷ್ಟು ಜನ ಅಲ್ಲಿಯೇ ಉಳಿದರು. ಅದಕ್ಕೆ ಕಡಿಮೆ ದರದ ಡೇಟಾ ಒಂದು ಕಾರಣ. ಇನ್ನೊಂದು ಕಾರಣ, ಈ ಪೈಪೋಟಿಯಲ್ಲಿ ಹೋಗಲು ಇದ್ದ ಬೇರೆ ಮನೆಗಳೇ ಕಡಿಮೆಯಾದವು. ಏರ್‌ಸೆಲ್ ದಿವಾಳಿಯಾಯಿತು. ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾದವು. ಬಾಗಿಲು ತೆರೆದಿದ್ದರೆ ಸಾಲದು, ಬೀದಿಯಲ್ಲಿ ಇನ್ನೂ ನಾಲ್ಕು ಅಂಗಡಿ ಇರಬೇಕು ಎಂಬುದು ಇಲ್ಲಿ ಕಲಿತ ಪಾಠ.

2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಒಟ್ಟೊಟ್ಟಿಗೆ ದರ ಏರಿಸಿದವು. ಬಿಎಸ್‌ಎನ್‌ಎಲ್ ಏರಿಸಲಿಲ್ಲ. ನಮ್ಮ ಹಾಸ್ಟೆಲ್‌ನಲ್ಲೂ ಪೋರ್ಟ್ ಮಾಡಿಸುವ ಜ್ವರ ಹತ್ತಿತ್ತು. ಟ್ರಾಯ್ ಲೆಕ್ಕದಂತೆ ಆ ಒಂದೇ ತಿಂಗಳಲ್ಲಿ ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಗ್ರಾಹಕರು ಹೆಚ್ಚಾದರು. ಆದರೆ ಅದೇ ನವೆಂಬರ್ ಹೊತ್ತಿಗೆ ಲೆಕ್ಕ ತಿರುಗಿ, ಸೇರುವವರಿಗಿಂತ ಬಿಡುವವರೇ ಹೆಚ್ಚಾದರು. ದರ ಮನೆ ಬಾಗಿಲವರೆಗೆ ಕರೆತರುತ್ತದೆ. ಒಳಗೆ ಕೂರಿಸುವುದು ಸಿಗ್ನಲ್.

ಹಾಗಾದರೆ ರಿಯಾಯಿತಿಯಿಂದ ಬಂದವರು ಇನ್ನೂ ದೊಡ್ಡ ರಿಯಾಯಿತಿ ಕಂಡರೆ ಹೊರಡುತ್ತಾರೆ. ಇದು ಗ್ರಾಹಕರ ಅಪರಾಧವೇನಲ್ಲ. ದರದಿಂದಲೇ ಪರಿಚಯವಾದವರು ದರದಿಂದಲೇ ದೂರವಾಗುತ್ತಾರೆ, ಅಷ್ಟೆ.

ರೂಢಿಯೂ ನಿಷ್ಠೆಯೇ?

ಎಲ್ಲ ಬಾಗಿಲುಗಳೂ ತೆರೆದಿದ್ದರೂ ಜನ ಕದಲದ ಒಂದು ಉದಾಹರಣೆಯೂ ಇದೆ. 2016ರಲ್ಲಿ ಆರಂಭವಾದ ಯುಪಿಐಯಲ್ಲಿ ಯಾವ ಆ್ಯಪ್‌ನಿಂದ ಯಾವ ಆ್ಯಪ್‌ಗೆ ಬೇಕಾದರೂ ಹಣ ಕಳಿಸಬಹುದು. ಟೀ ಅಂಗಡಿಯ ಒಂದೇ ಕ್ಯೂಆರ್ ಕೋಡ್‌ಗೆ ಎಲ್ಲರ ಮೊಬೈಲೂ ಒಗ್ಗುತ್ತದೆ. ಆದರೂ ಒಟ್ಟು ವಹಿವಾಟಿನ ಸುಮಾರು ಶೇ 80 ಭಾಗ ಫೋನ್‌ಪೇ ಮತ್ತು ಗೂಗಲ್ ಪೇ ಎಂಬ ಎರಡೇ ಆ್ಯಪ್‌ಗಳಲ್ಲಿ ನಡೆಯುತ್ತಿದೆ. ಒಂದು ಆ್ಯಪ್‌ನ ಪಾಲು ಶೇ 30 ಮೀರಬಾರದೆಂದು ರಾಷ್ಟ್ರೀಯ ಪಾವತಿ ನಿಗಮ 2020ರಲ್ಲೇ ಹೇಳಿತು. ಜಾರಿಯ ಗಡುವನ್ನು ಮುಂದೂಡುತ್ತ ಬಂದು ಈಗ 2026ರ ಡಿಸೆಂಬರ್‌ಗೆ ತಂದಿಟ್ಟಿದೆ.

ಶುರುವಿನ ದಿನಗಳಲ್ಲಿ ಸ್ಕ್ರ್ಯಾಚ್ ಕಾರ್ಡ್ ಉಜ್ಜಿ ಹತ್ತಿಪ್ಪತ್ತು ರೂಪಾಯಿ ಗೆದ್ದವರು ಈಗ ‘ಬೆಟರ್ ಲಕ್ ನೆಕ್ಸ್ಟ್ ಟೈಮ್’ ಓದುತ್ತಲೂ ಅದೇ ಆ್ಯಪ್ ಬಳಸುತ್ತಿದ್ದಾರೆ. ಕೊಸರು ನಿಂತರೂ ಜನ ನಿಲ್ಲಲು ಕಾರಣ ಸರಳ. ಬಸ್ಸಿನಲ್ಲಿ ಕಂಡಕ್ಟರ್ ಎದುರು ನಿಂತಾಗ ಹಣ ಹೋಗಬೇಕು. ಎಲ್ಲಿ ಒತ್ತಬೇಕೆಂದು ಬೆರಳಿಗೇ ಗೊತ್ತಿರಬೇಕು. ಇದನ್ನು ಪ್ರೀತಿ ಎನ್ನಲಾರೆ, ಬೋನು ಎನ್ನಲೂ ಆಗದು. ಇದು ರೂಢಿ. ಸೇವೆ ತಪ್ಪದೆ ನಡೆಯುವವರೆಗೆ ರೂಢಿ ಗಟ್ಟಿ. ನಾಲ್ಕು ದಿನ ಕೌಂಟರ್‌ನಲ್ಲಿ ಕೈಕೊಟ್ಟರೆ ಐದನೇ ದಿನ ಬೆರಳು ಪಕ್ಕದ ಆ್ಯಪ್ ಕಲಿಯುತ್ತದೆ.

ಬೋನಿಗೊಂದು ಮಹಾಕಾವ್ಯದ ಹೆಸರು

ರೂಢಿ ಮೂಡಿಸಲು ತಾಳ್ಮೆ ಬೇಕು, ಹಣ ಬೇಕು. ಬೋನು ಕಟ್ಟುವುದು ಸುಲಭ. ಅಮೆಜಾನ್‌ನ ಪ್ರೈಮ್ ಚಂದಾ ಕುರಿತು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಮೊಕದ್ದಮೆ ಹೂಡಿತು. ಸೇರಲು ಒಂದೆರಡು ಕ್ಲಿಕ್ ಸಾಕು, ಬಿಡಲು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆಗಳನ್ನು ದಾಟಬೇಕು ಎಂಬುದು ಆರೋಪ. ಕಂಪನಿಯ ಒಳಗೆ ಈ ರದ್ದತಿ ದಾರಿಗೆ ‘ಇಲಿಯಡ್’ ಎಂದು ಹೆಸರಿಟ್ಟಿದ್ದರು ಎಂದೂ ಆಯೋಗ ಹೇಳಿತು. ಇಲಿಯಡ್ ಎಂದರೆ ಮುಗಿಯದ ಟ್ರೋಜನ್ ಯುದ್ಧದ ಕಥೆ ಹೇಳುವ ಗ್ರೀಕ್ ಮಹಾಕಾವ್ಯ. ನಮ್ಮಲ್ಲಾದರೆ ‘ದೊಡ್ಡ ಮಹಾಭಾರತ ಮಾಡಿದರು’ ಎನ್ನುತ್ತಿದ್ದೆವು. 2025ರ ಸೆಪ್ಟೆಂಬರ್‌ನಲ್ಲಿ, ತಪ್ಪು ಒಪ್ಪಿಕೊಳ್ಳದೆಯೇ, ಅಮೆಜಾನ್ 250 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದರಲ್ಲಿ 100 ಕೋಟಿ ದಂಡ, 150 ಕೋಟಿ ಗ್ರಾಹಕರಿಗೆ ಮರುಪಾವತಿ.

ನಮ್ಮಲ್ಲೂ ನಿಯಮ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ಎಂಬ ವಂಚಕ ವಿನ್ಯಾಸಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆಯ ತಂತ್ರಗಳ ಪಟ್ಟಿಯಿದೆ. ‘ಇನ್ನೆರಡೇ ಉಳಿದಿವೆ, ಬೇಗ ಕೊಳ್ಳಿ’ ಎಂಬ ಸುಳ್ಳು ಅವಸರ, ನಾವು ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಪುಟದಲ್ಲಿ ಹೊಸ ಶುಲ್ಕ ತೋರಿಸುವುದು, ಚಂದಾದಿಂದ ಹೊರಬರಲು ಬಿಡದಿರುವುದು, ಬೇಡ ಎನ್ನುವವರನ್ನು ನಾಚಿಸುವುದು ಎಲ್ಲವೂ ಅದರಲ್ಲಿವೆ. ನನ್ನ ‘ಪ್ರಯತ್ನ ಬಿಡುತ್ತೇನೆ’ ಬಟನ್ ಈ ಪಟ್ಟಿಯಲ್ಲಿ ಹೆಸರು ಸಮೇತ ಇರುವುದನ್ನು ಕಂಡು ನನಗೆ ಸ್ವಲ್ಪ ಸಮಾಧಾನವಾಯಿತು. ನಾನೊಬ್ಬನೇ ದಡ್ಡನಲ್ಲ ಎಂದಾಯಿತಲ್ಲ! 2025ರ ಜೂನ್‌ನಲ್ಲಿ ಪ್ರಾಧಿಕಾರವು, ಮೂರು ತಿಂಗಳೊಳಗೆ ನಿಮ್ಮ ಆ್ಯಪ್‌ಗಳನ್ನು ನೀವೇ ಪರಿಶೀಲಿಸಿಕೊಳ್ಳಿ ಎಂದು ಇ-ಕಾಮರ್ಸ್ ಕಂಪನಿಗಳಿಗೆ ಸೂಚಿಸಿತು.

ಹಣ ಕಡಿತಕ್ಕೆ 24 ಗಂಟೆ ಮೊದಲು ಎಚ್ಚರಿಕೆ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ನಾನು ನೋಡದೆ ಬಿಟ್ಟ ಮೆಸೇಜ್ ಅದೇ. ಗೆಳೆಯರೇ, ಈ ಲೇಖನ ಓದಿ ಮುಗಿಸಿದ ಮೇಲೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ‘ಆಟೊಪೇ’ ಎಂಬ ಭಾಗ ತೆರೆದು ನೋಡಿ. ಮರೆತೇಹೋದ ಒಂದೆರಡು ಚಂದಾ ಅಲ್ಲಿ ಕುಳಿತಿರಬಹುದು. ಅಲ್ಲಿಂದಲೇ ರದ್ದು ಮಾಡಬಹುದು, ಐದು ಪುಟ ದಾಟಬೇಕಿಲ್ಲ. ಹಣ ಹೋದ ಮೇಲೆ ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಹ್ಯಾಂಡಲ್ ಮೇಲೆ ಮೂರು ಆ್ಯಪ್

ಗ್ರಾಹಕರನ್ನು ಮಾತ್ರವಲ್ಲ, ದುಡಿಯುವವರನ್ನೂ ಕಂಪನಿಗಳು ಉಳಿಸಿಕೊಳ್ಳಬೇಕು. ಬೆಂಗಳೂರಿನ ಆಟೊ ಹತ್ತಿದರೆ ಇದು ಕಣ್ಣಿಗೆ ಕಾಣುತ್ತದೆ. ಚಾಲಕರ ಮೊಬೈಲ್‌ನಲ್ಲಿ ಒಂದಲ್ಲ, ಮೂರು ಆ್ಯಪ್ ತೆರೆದಿರುತ್ತವೆ. ಯಾವುದು ಮೊದಲು ಒಳ್ಳೆಯ ಬಾಡಿಗೆ ಕೊಡುತ್ತದೋ ಅದಕ್ಕೆ ಹೂಂ ಅನ್ನುತ್ತಾರೆ. ಪ್ರಯಾಣಿಕರೂ ಅಷ್ಟೆ, ಮೂರೂ ಆ್ಯಪ್‌ನಲ್ಲಿ ದರ ನೋಡಿ ಒಂದರಲ್ಲಿ ಬುಕ್ ಮಾಡುತ್ತಾರೆ.

ಪ್ರತಿ ಬಾಡಿಗೆಯಲ್ಲೂ ಕಮಿಷನ್ ಮುರಿದುಕೊಳ್ಳುವ ಪದ್ಧತಿಯ ಬಗ್ಗೆ ಚಾಲಕರಿಗೆ ಅಸಮಾಧಾನ ಇದ್ದಾಗ, 2022ರ ಕೊನೆಯಲ್ಲಿ ‘ನಮ್ಮ ಯಾತ್ರಿ’ ಬಂತು. ಕಮಿಷನ್ ಇಲ್ಲ ಎಂಬುದೇ ಅದರ ಮಾತು. ಆಮೇಲೆ ಖರ್ಚಿಗೆಂದು ಚಾಲಕರಿಂದ ದಿನಕ್ಕೆ 25 ರೂಪಾಯಿಯಂಥ ಸಣ್ಣ ಚಂದಾ ಶುರುಮಾಡಿತು. ಎಷ್ಟೇ ಬಾಡಿಗೆ ಹೊಡೆದರೂ ಕೊಡಬೇಕಾದದ್ದು ಇಷ್ಟೇ ಎಂಬುದು ಚಾಲಕರಿಗೆ ಹಿಡಿಸಿತು. ಎರಡು ಮೂರು ವರ್ಷಗಳಲ್ಲಿ ದೊಡ್ಡ ಕಂಪನಿಗಳೂ ಆಟೊಗಳಿಗೆ ಕಮಿಷನ್ ಬಿಟ್ಟು ಚಂದಾ ಪದ್ಧತಿಗೆ ಬಂದವು. ಬೇಡಿಕೊಂಡು ಆಗದ್ದು ಬಿಟ್ಟುಹೋಗುವ ದಾರಿ ಸಿಕ್ಕಾಗ ಆಯಿತು.

ಇದರ ಇನ್ನೊಂದು ಮುಖವೂ ಇದೆ. ಒಂದೇ ಪ್ರಯಾಣಕ್ಕೆ ಐಫೋನ್‌ನಲ್ಲಿ ಒಂದು ದರ, ಆ್ಯಂಡ್ರಾಯ್ಡ್‌ನಲ್ಲಿ ಇನ್ನೊಂದು ದರ ಎಂಬ ದೂರುಗಳ ಮೇಲೆ 2025ರ ಜನವರಿಯಲ್ಲಿ ಗ್ರಾಹಕ ಪ್ರಾಧಿಕಾರ ಓಲಾ ಮತ್ತು ಉಬರ್‌ಗೆ ನೋಟಿಸ್ ಕೊಟ್ಟಿತು. ಎರಡೂ ಕಂಪನಿಗಳು ಆರೋಪ ನಿರಾಕರಿಸಿದವು. ನಿಜ ಏನೇ ಇರಲಿ, ಜನರಲ್ಲಿ ಅಂಥ ಅನುಮಾನ ಮೂಡಿದ್ದೇ ಒಂದು ಸುದ್ದಿ. ಕಾಯಂ ಗಿರಾಕಿಗೆ ಕೊಸರು ಸಿಗುತ್ತದೆ ಎಂದು ಸಂತೆಯಲ್ಲಿ ನಂಬಿದ್ದೆವು. ‘ನಾನು ಕಾಯಂ ಎಂದು ಗೊತ್ತಾದರೆ ದರ ಏರಿಸುತ್ತಾರೇನೋ’ ಎಂದು ಆ್ಯಪ್ ಎದುರು ಹೆದರುತ್ತಿದ್ದೇವೆ. ಇಂಥ ಹೆದರಿಕೆಯ ಮೇಲೆ ಯಾವ ವರ್ತನೆಯೂ ನಿಲ್ಲದು.

ಹಾಲಿನ ಲೆಕ್ಕ

ಹಾಗಾದರೆ ನಿಜವಾದ ನಿಷ್ಠೆ ಎಲ್ಲಾದರೂ ಇದೆಯೇ? ನನಗೆ ತಕ್ಷಣ ನೆನಪಾಗುವುದು ನಂದಿನಿ. 2023ರ ಏಪ್ರಿಲ್‌ನಲ್ಲಿ, ವಿಧಾನಸಭಾ ಚುನಾವಣೆ ಹತ್ತಿರವಿದ್ದಾಗ, ಬೆಂಗಳೂರಿಗೆ ಹಾಲು ಮೊಸರು ತರುತ್ತೇವೆ ಎಂದು ಅಮುಲ್ ಟ್ವೀಟ್ ಮಾಡಿತು. ‘ನಂದಿನಿ ಉಳಿಸಿ’ ಎಂಬ ಕೂಗು ಎದ್ದಿತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ, ನಾವು ನಂದಿನಿಯನ್ನೇ ಬಳಸುತ್ತೇವೆ ಎಂದಿತು. ಒಂದು ಹಾಲಿನ ಪ್ಯಾಕೆಟ್‌ಗಾಗಿ ಜನ ಹೀಗೆ ಮಾತಾಡಿದ್ದನ್ನು ನಾನು ಮೊದಲ ಸಲ ನೋಡಿದೆ.

ಇದರಲ್ಲಿ ಅಭಿಮಾನವಿತ್ತು, ರಾಜಕೀಯವೂ ಇತ್ತು. ಆದರೆ ಲೆಕ್ಕವೂ ಇತ್ತು ಎಂಬುದನ್ನು ಮರೆಯಬಾರದು. ಆಗ ನಂದಿನಿ ಟೋನ್ಡ್ ಹಾಲು ಲೀಟರಿಗೆ 39 ರೂಪಾಯಿ, ಅಮುಲ್ 54 ರೂಪಾಯಿ. ಲೀಟರಿಗೆ 15 ರೂಪಾಯಿ ಉಳಿಸಿಕೊಡುವ ಬ್ರ್ಯಾಂಡ್ ಮೇಲೆ ಪ್ರೀತಿ ತೋರುವುದು ಕಷ್ಟವೇನಲ್ಲ. ನಂದಿನಿಯ ನಿಷ್ಠಾವಂತರಲ್ಲಿ ಬರೀ ಅಗ್ಗದ ನಿಷ್ಠಾವಂತರು ಎಷ್ಟು ಎಂದು ತಿಳಿಯಲು ದರ ಏರಬೇಕಿತ್ತು. ಏರಿತು ಕೂಡ. 2023ರ ಆಗಸ್ಟ್‌ನಲ್ಲಿ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ. ಟೀ ಅಂಗಡಿಗಳಲ್ಲಿ, ಫೇಸ್‌ಬುಕ್‌ನಲ್ಲಿ ಜನ ಬೈದರು. ವಿರೋಧ ಪಕ್ಷಗಳು ಪ್ರತಿಭಟಿಸಿದವು. ಬೆಂಗಳೂರಿನ ಅಂಗಡಿಗಳಲ್ಲಿ ದೊಡ್ಲ, ಹೆರಿಟೇಜ್, ತಿರುಮಲ ಎಲ್ಲ ಪಕ್ಕದಲ್ಲೇ ಇವೆ. ಆದರೂ ಬೈದವರಲ್ಲಿ ಬಹುಪಾಲು ಜನ ಮರುದಿನ ಬೆಳಿಗ್ಗೆ ಅದೇ ನೀಲಿ ಪ್ಯಾಕೆಟ್ ತಂದರು. ದರ ಏರಿದ ಮೇಲೂ ಅದು ಉಳಿದವುಗಳಿಗಿಂತ ಅಗ್ಗವಾಗಿತ್ತು ಎಂಬುದು ಒಂದು ಕಾರಣ. ಅದೊಂದೇ ಕಾರಣವಲ್ಲ ಎಂದು ನನ್ನ ಅನಿಸಿಕೆ.

ಈ ‘ಬೈದೂ ಉಳಿಯುವ’ ಗುಣದ ಬಗ್ಗೆ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ‘ಎಕ್ಸಿಟ್, ವಾಯ್ಸ್ ಆ್ಯಂಡ್ ಲಾಯಲ್ಟಿ’ ಎಂಬ ಪುಸ್ತಕವನ್ನೇ ಬರೆದರು. ಒಂದು ಸಂಸ್ಥೆಯ ಗುಣಮಟ್ಟ ಕುಸಿದಾಗ ನಮ್ಮ ಮುಂದೆ ಎರಡು ದಾರಿ. ಬಿಟ್ಟುಹೋಗುವುದು ಅಥವಾ ದನಿ ಎತ್ತುವುದು. ನಿಷ್ಠೆ ಇರುವವರು ಬಿಟ್ಟುಹೋಗುವುದನ್ನು ಮುಂದೂಡಿ ಮೊದಲು ದನಿ ಎತ್ತುತ್ತಾರೆ ಎಂಬುದು ಅವರ ವಾದದ ತಿರುಳು. ಅಂದರೆ ಗಲಾಟೆ ಮಾಡುವ ಗ್ರಾಹಕ ಶತ್ರುವಲ್ಲ. ಸರಿಯಾಗಬಹುದು ಎಂಬ ನಂಬಿಕೆ ಉಳಿದಿರುವವರಷ್ಟೇ ಜಗಳ ಕಾಯುತ್ತಾರೆ. ನಂಬಿಕೆ ಹೋದವರು ಸದ್ದಿಲ್ಲದೆ ಆ್ಯಪ್ ಅಳಿಸಿ ಹೋಗುತ್ತಾರೆ. ಹಾಗೆ ನೋಡಿದರೆ ದರ ಏರಿದಾಗ ನಂದಿನಿಯನ್ನು ಬೈದವರೇ ಅದರ ನಿಜವಾದ ಗಿರಾಕಿಗಳು.

ಅವ್ವ ಹೇಳಿದ ಕಾರಣ

ನನಗೆ ಈ ಹಾಲಿನ ಇನ್ನೊಂದು ತುದಿಯೂ ಗೊತ್ತು. ನಮ್ಮ ಮನೆಯಲ್ಲಿ ಎರಡು ಹಸುಗಳಿವೆ. ಬೆಳಿಗ್ಗೆ ಮತ್ತು ಸಂಜೆ ಅವ್ವ ಊರಿನ ಹಾಲು ಉತ್ಪಾದಕರ ಸಂಘಕ್ಕೆ ಹಾಲು ಹಾಕುತ್ತಾಳೆ. ಊರಿನಲ್ಲಿ ಎಲ್ಲರೂ ಅದನ್ನು ‘ಡೇರಿ’ ಎನ್ನುತ್ತಾರೆ. ಮೆಸ್ ಬಿಲ್ಲಿನ ಹಣ ಬರುವುದು ಅಲ್ಲಿಂದಲೇ. ರಾಜ್ಯದಲ್ಲಿ ಹೀಗೆ ಹಾಲು ಹಾಕುವ 25 ಲಕ್ಷಕ್ಕೂ ಹೆಚ್ಚು ಹೈನುಗಾರರು ಸಂಘಗಳ ಸದಸ್ಯರಾಗಿದ್ದಾರೆ. ಬೇಸಿಗೆ ಬಂದರೆ ಖಾಸಗಿ ವ್ಯಾನಿನವರೂ ಊರಿಗೆ ಬರುತ್ತಾರೆ, ಲೀಟರಿಗೆ ಒಂದೆರಡು ರೂಪಾಯಿ ಹೆಚ್ಚು ಕೊಡುತ್ತೇವೆ ಎನ್ನುತ್ತಾರೆ. ಈ ಲೇಖನ ಬರೆಯುವ ಮೊದಲು ಫೋನ್ ಮಾಡಿ ಕೇಳಿದೆ, ‘ಅವ್ವ, ಜಾಸ್ತಿ ಕೊಡೋರಿಗೆ ಯಾಕೆ ಹಾಕಲ್ಲ?’

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ‘ಬ್ಯಾಸ್ಗೇಲಿ ಹಾಲು ಕಮ್ಮಿ ಇದ್ದಾಗ ಮನೆ ಬಾಗ್ಲಿಗೆ ಬಂದು ಜಾಸ್ತಿ ಕೊಡ್ತೀನಿ ಅಂತಾರೆ ಕಣಪ್ಪ. ಮಳೆಗಾಲ್ದಲ್ಲಿ ಹಸಿರು ಮೇವು ತಿಂದು ಹಸ ಜಾಸ್ತಿ ಹಾಲು ಕೊಟ್ರೆ ಫೋನೇ ಎತ್ತಾಕಿಲ್ಲ. ಡೇರಿನೋರು ಹಂಗಲ್ಲ. ಲಾಕ್‌ಡೌನ್‌ನಾಗೂ ನಮ್ಮ ಹಾಲು ತಗಂಡ್ರು’ ಎಂದಳು.

ನಾನು ಇಷ್ಟು ಹೊತ್ತು ಹುಡುಕುತ್ತಿದ್ದ ಉತ್ತರ ಅವಳ ಬಾಯಲ್ಲಿ ಸಿದ್ಧವಾಗಿತ್ತು. 2020ರ ಲಾಕ್‌ಡೌನ್‌ನಲ್ಲಿ ಹೋಟೆಲ್‌ಗಳು ಮುಚ್ಚಿ ಹಾಲಿನ ಬೇಡಿಕೆ ಕುಸಿದಾಗ, ಉಳಿದ ಹಾಲನ್ನು ಸರ್ಕಾರ ಕೊಂಡು ಬಡವರಿಗೆ ಉಚಿತವಾಗಿ ಹಂಚಿತು. ಮಾಮೂಲಿ ದಿನಗಳಲ್ಲಿ ಹೆಚ್ಚಾದ ಹಾಲು ಪುಡಿಯಾಗುತ್ತದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಆ ಪುಡಿ ಶಾಲಾ ಮಕ್ಕಳ ಲೋಟಕ್ಕೆ ಹೋಗುತ್ತದೆ. ನಾನೂ ಆ ಹಾಲು ಕುಡಿದವನೇ. ಕಷ್ಟದ ದಿನ ಕೈಬಿಡಲಿಲ್ಲ ಎಂಬ ನೆನಪಿಗೆ ಎರಡು ರೂಪಾಯಿ ಹೆಚ್ಚಿನ ದರ ಎದುರು ನಿಲ್ಲಲಾರದು. ನಿಷ್ಠೆ ಕಟ್ಟುವುದು ಒಳ್ಳೆಯ ದಿನಗಳ ಕೊಸರಿನಿಂದಲ್ಲ, ಕೆಟ್ಟ ದಿನದ ನಡತೆಯಿಂದ. ವರ್ತನೆ ಎಂಬ ಪದಕ್ಕೆ ಎರಡೂ ಅರ್ಥ ಯಾಕಿದೆ ಎಂದು ಅಂದು ಹೊಳೆಯಿತು.

ಇಷ್ಟು ಹೇಳಿದ ಮೇಲೆ ನನ್ನ ಮನೆಗೇ ಇಷ್ಟವಾಗದ ಒಂದು ಮಾತನ್ನೂ ಹೇಳಬೇಕು. 2025ರ ಜೂನ್‌ನಲ್ಲಿ ಬೆಂಗಳೂರಿನ ಹತ್ತು ಮೆಟ್ರೊ ನಿಲ್ದಾಣಗಳಲ್ಲಿ ಅಮುಲ್ ಮಳಿಗೆಗೆ ಅವಕಾಶ ಕೊಟ್ಟದ್ದು ವಿವಾದವಾಯಿತು. ಆಗಲೇ ತೆರೆದಿದ್ದ ಎರಡನ್ನು ಬಿಟ್ಟು ಉಳಿದ ಎಂಟನ್ನು ನಂದಿನಿಗೆ ಕೊಡುವಂತೆ ಸರ್ಕಾರ ಹೇಳಿತು. ಸರ್ಕಾರಿ ನಿಲ್ದಾಣದಲ್ಲಿ ನಮ್ಮ ರೈತರ ಸಂಸ್ಥೆಗೆ ಜಾಗ ಬೇಕು ಎಂಬುದು ನ್ಯಾಯವೇ. ಆದರೆ ಎದುರಾಳಿಯ ಅಂಗಡಿ ಇಲ್ಲದ ಕಡೆ ಗೆದ್ದರೆ ಅದು ಗೆಲುವೇ? ಅಮುಲ್ ಕೂಡ ಗುಜರಾತಿನ ಹೈನುಗಾರರ ಸಹಕಾರ ಸಂಸ್ಥೆಯೇ. ಪಕ್ಕದಲ್ಲೇ ಅಮುಲ್ ಇದ್ದಾಗಲೂ ಜನ ನಂದಿನಿ ಎತ್ತಿಕೊಂಡರೆ ನಮ್ಮವ್ವನ ಹಾಲಿಗೆ ಭದ್ರ ಭವಿಷ್ಯ. ಬಾಗಿಲು ಮುಚ್ಚಿ ಗಳಿಸಿದ ಗಿರಾಕಿ ಬಾಗಿಲು ತೆರೆದ ದಿನ ಏನು ಮಾಡುತ್ತಾನೆ ಎಂಬುದನ್ನು ಮೊಬೈಲ್ ಕಂಪನಿಗಳು ಕಂಡಾಗಿದೆ.

ಆ ಬಟನ್ ಬರೆಯುವವರು ನಾವೇ

ಇದನ್ನೆಲ್ಲ ಒಬ್ಬ ಗ್ರಾಹಕನಾಗಿ ಬರೆಯುತ್ತಾ ಬಂದೆ. ಆದರೆ ಇನ್ನೊಂದು ವರ್ಷದಲ್ಲಿ ನಾನು ಮೇಜಿನ ಆ ಬದಿಗೆ ಹೋಗುತ್ತೇನೆ. ನನ್ನ ಕ್ಲಾಸಿನ ಬಹಳ ಜನರೂ ಹಾಗೆಯೇ. ನನ್ನ 899 ರೂಪಾಯಿ ತಿಂದ ಆ ಐದು ಪುಟಗಳನ್ನು ಯಾವುದೋ ಮಾಯೆ ಬರೆಯಲಿಲ್ಲ. ನನ್ನಂಥದೇ ಹಾಸ್ಟೆಲ್‌ನಲ್ಲಿ ಓದಿದ ಒಬ್ಬ ಹುಡುಗನೋ ಹುಡುಗಿಯೋ ಕೋಡ್ ಮಾಡಿರುತ್ತಾರೆ. ಆ ಮಸುಕು ಬಣ್ಣವನ್ನು ಯಾರೋ ಆರಿಸಿರುತ್ತಾರೆ. ಬಿಟ್ಟುಹೋಗುವವರ ಸಂಖ್ಯೆ ಇಳಿಯಿತು ಎಂದು ಯಾರಿಗೋ ಮೆಚ್ಚುಗೆ ಸಿಕ್ಕಿರುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಮಗೆ ಹಾಗೆ ಮಾಡಲು ಹೇಳಿದರೆ ಆಗುವುದಿಲ್ಲ ಎನ್ನುವ ಧೈರ್ಯ ಎಷ್ಟು ಜನರಿಗೆ ಇರುತ್ತದೆ? ಮನೆ ಸಾಲ, ಓದಿನ ಸಾಲ ತಲೆ ಮೇಲಿರುವಾಗ ನನಗೇ ಇರುತ್ತದೆಂದು ಎದೆ ತಟ್ಟಿ ಹೇಳಲಾರೆ. ಆದರೆ ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ ಕೇಳಬಹುದು: ‘ನಾಳೆ ಬಿಡುವ ಬಟನ್ ಮೊದಲ ಪುಟದಲ್ಲೇ ಇಟ್ಟರೆ ಎಷ್ಟು ಜನ ಉಳಿಯುತ್ತಾರೆ?’ ಆ ಸಂಖ್ಯೆಯೇ ಕಂಪನಿಯ ನಿಜವಾದ ನಿಷ್ಠಾವಂತರ ಸಂಖ್ಯೆ. ಉಳಿದದ್ದೆಲ್ಲ ಇನ್ನೂ ಬಾಗಿಲು ಸಿಗದವರ ಲೆಕ್ಕ. 13 ತಂತ್ರಗಳ ಪಟ್ಟಿಯೂ 250 ಕೋಟಿ ಡಾಲರ್‌ನ ಉದಾಹರಣೆಯೂ ಈಗ ನಮ್ಮ ಕೈಯಲ್ಲಿರುವುದರಿಂದ, ಹಾಗೆ ಕೇಳುವವನನ್ನು ಆದರ್ಶದ ಹುಚ್ಚ ಎಂದು ತಳ್ಳಿಹಾಕುವುದೂ ಅಷ್ಟು ಸುಲಭವಲ್ಲ.

ಈ ಸೆಮಿಸ್ಟರ್ ನಮ್ಮ ನಾಲ್ವರ ತಂಡ ಮಿನಿ ಪ್ರಾಜೆಕ್ಟ್‌ಗೆ ಕ್ಯಾಂಟೀನ್ ಟೋಕನ್ ಕೊಡುವ ಒಂದು ಸಣ್ಣ ಆ್ಯಪ್ ಮಾಡುತ್ತಿದೆ. ಖಾತೆ ಅಳಿಸುವ ಬಟನ್ ಎಲ್ಲಿಡಬೇಕು ಎಂಬ ಮಾತು ಬಂತು. ‘ಒಳಗೆಲ್ಲಾದರೂ ಹಾಕೋ ಮಾರಾಯ, ಯಾರು ನೋಡ್ತಾರೆ’ ಎಂದ ಗೆಳೆಯ. ನಾನು ಅದನ್ನು ಸೆಟ್ಟಿಂಗ್ಸ್‌ನ ಮೊದಲ ಸಾಲಿನಲ್ಲೇ ಇಟ್ಟೆ. ಒತ್ತಿದರೆ ಒಂದೇ ಪ್ರಶ್ನೆ: ‘ಖಚಿತವೇ?’ ಹೌದು ಎಂದರೆ ಮುಗಿಯಿತು. ಎರಡು ವಾರಗಳಿಂದ ನಮ್ಮ ಸೆಕ್ಷನ್‌ನವರು ಬಳಸಿ ನೋಡುತ್ತಿದ್ದಾರೆ. ಇಬ್ಬರು ಅಳಿಸಿದರು. ಅವರಲ್ಲಿ ಒಬ್ಬ ಟೋಕನ್ ತಡವಾಗಿ ಬರುತ್ತದೆ ಎಂದು ನೇರವಾಗಿ ಬಂದು ಬೈದ. ಸರಿಮಾಡಿದ ಮೇಲೆ ತಾನೇ ಮರಳಿ ಸೇರಿಕೊಂಡ.